ಪಕ್ಕದ ಮನೆಗೆ ಹೊಸ ಚಾವಣಿ ಹೊದಿಸಿದ ಗುತ್ತಿಗೆದಾರರಿಗೆ

ಮಾನ್ಯರೇ,

ಊರಿನ ಅರ್ಧಕ್ಕರ್ಧ ಸೂರುಗಳಿಗೆ ತಾವೇ ಆಸರೆಯೆಂದು ವ್ಯಾನಿನ ಮೇಲೆ ದಪ್ಪಕ್ಷರದಲ್ಲಿ ಬರೆಸಿಕೊಂಡಿರುವ ತಮ್ಮ ಸನ್ನಿಧಾನಕ್ಕೆ, ನೀಲಿ ಟಾರ್ಪಾಲಿನಡಿ ಕುಳಿತಿರುವ ಗೃಹಸ್ಥನೊಬ್ಬನ ವಿನಮ್ರ ನಮಸ್ಕಾರಗಳು. ತಾವು ಕ್ಷೇಮವೆಂದೂ, ತಮ್ಮ ಸ್ವಂತ ಮನೆಯ ಚಾವಣಿಯನ್ನು ಬೇರೆ ಯಾರ ಕೈಯಲ್ಲಾದರೂ ಮಾಡಿಸಿರುತ್ತೀರೆಂದೂ ನಂಬಿದ್ದೇನೆ. ತಾವು ಫೋನಿಗೆ ಸಿಗುವವರಲ್ಲವಾದ್ದರಿಂದ, ಬಹಿರಂಗವಾಗಿ ಬರೆದರೆ ಯಾರಾದರೂ ಓದಿ ತಮ್ಮ ಕಿವಿಗೆ ಹಾಕಿಯಾರು ಎಂಬ ಆಸೆಯಿಂದ ಈ ಧೈರ್ಯ ಮಾಡಿದ್ದೇನೆ.

ಮೊದಲು ಹೊಗಳಿಕೆಯ ಕೆಲಸ ಮುಗಿಸಿಬಿಡುತ್ತೇನೆ. ತಮ್ಮಲ್ಲಿ ಹಳೆಯ ಹೆಂಚು ಇಳಿಸುವ ತಂಡವೇ ಬೇರೆ, ಹೊಸದು ಹೊದಿಸುವ ತಂಡವೇ ಬೇರೆ, ಒಬ್ಬರ ಮುಖ ಇನ್ನೊಬ್ಬರು ನೋಡುವುದಿಲ್ಲ ಎಂದು ತಿಳಿದಾಗ, ಕೆಲಸ ಹಂಚುವುದೆಂದರೆ ಹೀಗಿರಬೇಕು ಎಂದು ತಲೆದೂಗಿದವನು ನಾನು. ಮೊದಲ ತಂಡ ಬೀದಿಯ ಕಡೆಯಿಂದ ಬಂತು. ‘ಜೋಡಿ ಮನೆಯಲ್ಲಿ ಎಡಗಡೆಯದು’ ಎಂಬ ತಮ್ಮ ಅಪ್ಪಣೆಯನ್ನು ಶಿರಸಾವಹಿಸಿ, ನನ್ನ ಹೆಂಚುಗಳನ್ನೆಲ್ಲ ಇಳಿಸಿ ಲಾರಿಗೆ ತುಂಬಿಕೊಂಡು ಹೋಯಿತು. ಎರಡನೆಯ ತಂಡವೂ ಅದೇ ಅಪ್ಪಣೆಯನ್ನು ಅಷ್ಟೇ ಭಕ್ತಿಯಿಂದ ಪಾಲಿಸಿತು. ಆದರೆ ಉದ್ದನೆಯ ಏಣಿ ತರಲು ಅನುಕೂಲವೆಂದು ಹಿಂದಿನ ಓಣಿಯಿಂದ ಬಂತು. ಓಣಿಯಲ್ಲಿ ನಿಂತು ನೋಡುವವರಿಗೆ ಎಡಗಡೆಯ ಮನೆ ನನ್ನದಲ್ಲ, ನನ್ನೊಂದಿಗೆ ಒಂದೇ ಗೋಡೆ ಹಂಚಿಕೊಂಡಿರುವ ನಿವೃತ್ತ ಮುಖ್ಯೋಪಾಧ್ಯಾಯಿನಿಯವರದು. ಅವರು ತಮ್ಮನ ಮನೆಗೆ ಹೋಗಿದ್ದರು. ಹೆಂಚು ಇನ್ನೂ ಇಳಿಸಿಲ್ಲವೆಂದು ಕಂಡ ತಂಡ ಬೇಸರಪಡದೆ ತಾನೇ ಇಳಿಸಿ, ಒಡೆದು, ಹೊಸದನ್ನು ಹೊದಿಸಿತು. ಪಕ್ಕದಲ್ಲೇ ಬೋಳಾಗಿ ನಿಂತಿದ್ದ ಮನೆಯೊಂದು ಕಣ್ಣಿಗೆ ಬೀಳಲಿಲ್ಲವೇ ಎಂದು ಆಮೇಲೆ ಮೇಸ್ತ್ರಿಯನ್ನು ಕೇಳಿದೆ. “ಬಿತ್ತು ಸಾರ್. ಪಾಪ, ಯಾರೋ ಅರ್ಧಕ್ಕೇ ಬಿಟ್ಟುಹೋಗಿದಾರೆ ಅಂತ ನಾವೇ ಮಾತಾಡ್ಕೊಂಡ್ವಿ” ಎಂದ. ಅವನ ಮರುಕಕ್ಕೆ ನಾನು ಎಂದೆಂದಿಗೂ ಋಣಿ.

ಆ ಹೊತ್ತಿನಲ್ಲಿ ನಾನೆಲ್ಲಿದ್ದೆ ಎಂದು ತಾವು ಕೇಳಬಹುದು. ಕೆಳಗೆ ಕುರ್ಚಿಯಲ್ಲಿ ಕುಳಿತು ಸುತ್ತಿಗೆಯ ಸದ್ದನ್ನು ಕಣ್ಣುಮುಚ್ಚಿ ಆಸ್ವಾದಿಸುತ್ತಿದ್ದೆ. ನನ್ನ ಹೆಂಡತಿ ಎರಡು ಸಲ ಬಂದು, “ರೀ, ಸದ್ದು ಪಕ್ಕದ ಮನೆ ಕಡೆಯಿಂದ ಬರ್ತಿದೆ, ಒಮ್ಮೆ ಎದ್ದು ನೋಡಬಾರದಾ?” ಎಂದಳು. ಒಂದೇ ಗೋಡೆಯಾದ್ದರಿಂದ ಹಾಗೆ ಕೇಳಿಸುತ್ತದೆಂದು ನಾನು ಅವಳಿಗೆ ವಿಜ್ಞಾನ ಬೋಧಿಸಿ ಕಳಿಸಿದೆ. ಈ ಮಾತನ್ನು ಅವಳು ಈಗ ಬಂದು ಹೋಗುವವರಿಗೆಲ್ಲ ಹೇಳುತ್ತಾಳೆ.

ಇಲ್ಲಿ ಸ್ವಲ್ಪ ಗಂಭೀರವಾಗುತ್ತೇನೆ. ನನ್ನ ಹೆಂಡತಿ ಟೈಲರ್. ಮಹಡಿಯ ಕೋಣೆ ಅವಳ ಅಂಗಡಿ, ಅವಳ ಅನ್ನ, ಇಷ್ಟು ವರ್ಷಗಳ ಸಂಸಾರದಲ್ಲಿ ಅವಳು ತನ್ನದೆನ್ನುವ ಒಂದೇ ಜಾಗ. ಆ ಕೋಣೆ ಸೋರುತ್ತದೆಂದೇ ತಮ್ಮನ್ನು ಕರೆದದ್ದು. ಈಗ ಅದು ಸೋರುವುದಿಲ್ಲ, ನೇರವಾಗಿ ಸುರಿಯುತ್ತದೆ. ಗಾಳಿಗೆ ಟಾರ್ಪಾಲು ಹಾರಿದಾಗ ಗಿರಾಕಿಯೊಬ್ಬರ ಕೋಟು ನೆನೆದು ಬಣ್ಣ ಬಿಟ್ಟಿತು. ಅವಳು ಅಂದು ಅತ್ತಳು. ಹೊಲಿಗೆ ಯಂತ್ರವನ್ನು ಅಡುಗೆಮನೆಗೆ ಇಳಿಸಿ, ಒಲೆಯ ಪಕ್ಕದಲ್ಲೇ ಬಟ್ಟೆ ಕತ್ತರಿಸುತ್ತಾ ಹೇಗೋ ದಿನ ದೂಡಿದಳು.

ತಮ್ಮ ಕಚೇರಿಯ ಹೆಣ್ಣುಮಗಳ ಸೌಜನ್ಯವನ್ನು ಎಷ್ಟು ಕೊಂಡಾಡಿದರೂ ಸಾಲದು. “ನಿಮ್ಮ ಕೆಲಸ ಮುಗಿದಿದೆ ಸಾರ್, ಫೋಟೋನೂ ಇದೆ” ಎಂದು ಆಕೆ ಕಳಿಸಿದ ಚಿತ್ರ ನೋಡಿ ಹೊಟ್ಟೆ ಉರಿಯಿತು. ಪಕ್ಕದ ಮನೆಯ ಚಾವಣಿ ಅಷ್ಟು ಚೆನ್ನಾಗಿ ಬಂದಿದೆ. ಚಿತ್ರದ ಅಂಚಿನಲ್ಲಿ ನನ್ನ ಟಾರ್ಪಾಲೂ ಇದೆ. ವಾರಂಟಿಯ ಮಾತೆತ್ತಿದರೆ, “ವಾರಂಟಿ ಚಾವಣಿಗೆ ಸಾರ್, ಮನೆಗಲ್ಲ” ಎಂದು ಆಕೆಯೇ ತಿದ್ದಿದಳು. ಇನ್ನು ಮುಖ್ಯೋಪಾಧ್ಯಾಯಿನಿಯವರು ಊರಿಂದ ಬಂದು, ಕತ್ತೆತ್ತಿ ನೋಡಿ, “ಬೇಕಿದ್ದರೆ ಬಿಚ್ಚಿಕೊಂಡು ಹೋಗಿ, ನನ್ನ ಹಳೇ ಹೆಂಚು ಇದ್ದ ಹಾಗೇ ಹಾಕಿಕೊಡಿ” ಎಂದರು. ಜೀವಮಾನವೆಲ್ಲ ಪಾಠ ಮಾಡಿದವರ ತರ್ಕಕ್ಕೆ ಕೈಮುಗಿದು, ನನ್ನ ಟಾರ್ಪಾಲಿನಡಿಗೆ ಮರಳಿದೆ.

ಆದ್ದರಿಂದ ತಮ್ಮಲ್ಲಿ ಅರಿಕೆ ಇಷ್ಟೆ. ಚಾವಣಿಯನ್ನು ನನ್ನ ಮನೆಯ ಮೇಲಕ್ಕೆ ತರುವುದು ಕಷ್ಟವೆಂದಾದರೆ, ನನ್ನ ಮನೆಯನ್ನೇ ಚಾವಣಿಯ ಅಡಿಗೆ ಸರಿಸಿಕೊಟ್ಟರೂ ನಡೆದೀತು. ಅದೂ ಆಗದಿದ್ದರೆ, ಕೆಲಸ ಮುಗಿದಿರುವ ಫೋಟೋದ ಒಂದೊಂದು ಪ್ರತಿಯನ್ನು ಮೋಡಗಳಿಗೂ ಕಳಿಸಿಕೊಡಿ. ಅವಕ್ಕೆ ಇನ್ನೂ ವಿಷಯ ತಿಳಿದಂತಿಲ್ಲ. ಎರಡು ತಂಡಗಳ ನಡುವೆ, ಬರೀ ಎದ್ದು ನೋಡುವುದಕ್ಕೆಂದು ಮೂರನೆಯ ತಂಡವೊಂದನ್ನು ಕಟ್ಟುವುದಾದರೆ ಅದಕ್ಕೆ ನನ್ನ ಹೆಂಡತಿಯ ಹೆಸರನ್ನು ಸೂಚಿಸುತ್ತೇನೆ. ಆದರೆ ಆಕೆಗೆ ಈಗ ಬಿಡುವಿಲ್ಲ. ಮುಖ್ಯೋಪಾಧ್ಯಾಯಿನಿಯವರು ತಮ್ಮ ಮಹಡಿಯ ಕೋಣೆಯನ್ನು ಬಿಟ್ಟುಕೊಟ್ಟಿದ್ದಾರೆ. ಹೊಲಿಗೆ ಯಂತ್ರ ಈಗ ಅಲ್ಲಿದೆ, ಅವಳ ಊಟವೂ ಬಹುಪಾಲು ಅಲ್ಲೇ. ಗೋಡೆಗೆ ಕಿವಿಯಿಟ್ಟರೆ ಯಂತ್ರದ ಸದ್ದೂ, ಇಬ್ಬರ ನಗುವೂ ಕೇಳಿಸುತ್ತವೆ. ನನ್ನ ಮನೆ ಬಿಕೋ ಎನ್ನುತ್ತಿದೆ, ಸ್ವಾಮಿ. ಬೇಗ ಬನ್ನಿ.

ಇಂತು, ಬಯಲಲ್ಲಿದ್ದೂ ಭರವಸೆ ಬಿಡದ,
ತಮ್ಮ ವಿಶ್ವಾಸಿ,
ಬೀದಿಯಿಂದ ನೋಡಿದರೆ ಎಡಗಡೆ ಮನೆಯವನು

ತಾ.ಕ.: ಇಷ್ಟು ಬರೆದು ಮುಗಿಸುವಷ್ಟರಲ್ಲಿ ನನ್ನ ಹೆಂಡತಿ ಬಂದು ಸ್ಕ್ರೂಡ್ರೈವರ್ ಕೇಳಿದಳು. ಸದ್ಯ, ಮನಸ್ಸು ಬದಲಾಯಿತೆಂದು ಹಿಗ್ಗಿ ಹುಡುಕಿಕೊಟ್ಟೆ. ನಮ್ಮ ಗೇಟಿನಲ್ಲಿದ್ದ ತನ್ನ ಟೈಲರ್ ಬೋರ್ಡನ್ನು ಬಿಚ್ಚಿ ಪಕ್ಕದ ಗೇಟಿಗೆ ಬಿಗಿದು, ಸ್ಕ್ರೂಡ್ರೈವರನ್ನು ನನ್ನ ಕೈಗೇ ಮರಳಿಸಿ ಹೋದಳು. ಅವಳು ಬಂದದ್ದೂ ಹಿಂದಿನ ಓಣಿಯಿಂದಲೇ, ಮಾನ್ಯರೇ. ಯಾವುದು ಯಾರ ಮನೆ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಗೊಂದಲವಾಗಲಿಲ್ಲ.