ಆಯುಧಪೂಜೆಗೆ ಒರೆಸಿದ ಬಟ್ಟಲು

ನನಗೊಂದು ಚಟವಿದೆ, ಕೈಗೆ ಸಿಕ್ಕಿದ್ದನ್ನೆಲ್ಲ ಒರೆಸುವುದು. ಒರೆಸಿ ಒರೆಸಿ ಕನ್ನಡಕದ ಗಾಜಿಗೆ ಗೀರು ಬಿದ್ದಿದೆ. ಕ್ಯಾಲೆಂಡರಿನ ದೇವರ ಮೂಗು ಅಳಿಸಿ ಹೆಂಡತಿಯಿಂದ ಮಂಗಳಾರತಿಯೂ ಆಗಿದೆ. ಶಿಡ್ಲಘಟ್ಟದಲ್ಲಿ ನನ್ನದೊಂದು ಸಣ್ಣ ರೇಷ್ಮೆ ನೂಲು ತೆಗೆಯುವ ಘಟಕ. ಕರೆಂಟು ಹೋದರೆ ಬಿಸಿನೀರಿನಲ್ಲಿರುವ ಗೂಡು ಕೆಡದಂತೆ ಉಳಿಸುವುದು ಹಿತ್ತಲಿನ ಡೀಸೆಲ್ ಜನರೇಟರ್. ಅದನ್ನು ನೋಡಿಕೊಳ್ಳುವವನು ಕೆಂಚಾರ್ಲಹಳ್ಳಿಯ ನಾರಾಯಣಪ್ಪ.

ಒಂದು ಬೇಸಿಗೆಯಲ್ಲಿ ಜನರೇಟರಿನ ಇಂಜಿನ್ ಆಯಿಲ್ ಮಾಯವಾಗತೊಡಗಿತು. ಅಳತೆ ಕಡ್ಡಿ ಅದ್ದಿ ನೋಡಿದಾಗಲೆಲ್ಲ ಗುರುತಿಗಿಂತ ಕೆಳಗೆ. ನೆಲದಲ್ಲಿ ಒಂದು ತೊಟ್ಟೂ ಸೋರಿರಲಿಲ್ಲ. ನಾರಾಯಣಪ್ಪನ ತಮ್ಮನಿಗೆ ಮೊಪೆಡ್ ಇರುವುದು ನನಗೆ ಥಟ್ಟನೆ ಹೊಳೆಯಿತು. ಮೊಪೆಡ್ಡಿಗೆ ಆ ಆಯಿಲ್ ಹಾಕುವುದಿಲ್ಲ ಎಂಬುದು ಹೊಳೆಯಲಿಲ್ಲ. ಆಯಿಲ್ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಜಡಿದೆ. ಹತ್ತು ವರ್ಷದಿಂದ ಜೊತೆಗಿದ್ದವನು ಬೀಗ ನೋಡಿದ, ನನ್ನ ಮುಖ ನೋಡಿದ. "ಇಂಜಿನ್ನು ನೀಲಿ ಹೊಗೆ ಬಿಡ್ತೈತಣ್ಣಾ, ಬೆಳಿಗ್ಗೆ ಬೇಗ ಸ್ಟಾರ್ಟೂ ಆಗ್ತಿಲ್ಲ. ಮೆಕ್ಯಾನಿಕ್ ಬಾಷಾನ್ನ ಕರೆಸಿ" ಎಂದ. "ಮಾತು ಮರೆಸಬೇಡಪ್ಪ" ಎಂದೆ. ಮರುದಿನ ಅವನು ಇಂಜಿನ್ ಮನೆಯ ಕೀಲಿಯನ್ನು ಮೇಜಿನ ಮೇಲಿಟ್ಟ. "ನಾನು ಬಿಟ್ಟು ಹೋಗ್ತೀನಿ. ಆದ್ರೆ ಮೆಕ್ಯಾನಿಕ್ ಬಂದು ನೋಡ್ಲಿ. ಕಳ್ಳ ಅನ್ನಿಸ್ಕೊಂಡು ಹೋಗಲ್ಲ."

ಬಾಷಾ ಬಂದವನೇ ಓಡುತ್ತಿದ್ದ ಇಂಜಿನ್ನಿನ ಆಯಿಲ್ ಮುಚ್ಚಳ ತೆಗೆದ. ಭಸಭಸನೆ ಹೊಗೆ ಬಂತು. "ಪಿಸ್ಟನ್ ರಿಂಗು ಸವೆದೋಗಿದೆ ಸಾರ್. ಮೇಲಿನ ಹೊಗೆ ಕೆಳಗೆ ಇಳೀತಿದೆ, ಕೆಳಗಿನ ಆಯಿಲ್ಲು ಮೇಲೋಗಿ ಸುಡ್ತಿದೆ. ಕಳ್ಳ ಒಳಗೇ ಇದಾನೆ" ಎಂದ. ಆಮೇಲೆ ಗಾಳಿ ಸೋಸುವ ಏರ್ ಕ್ಲೀನರ್ ಕಳಚಿದ. ಅದರ ತಳದ ಬಟ್ಟಲಿನಲ್ಲಿ ಆಯಿಲ್ ಇರಬೇಕು, ಧೂಳೆಲ್ಲ ಅದರಲ್ಲಿ ಅಂಟಿ ಉಳಿಯಬೇಕು. ನಮ್ಮ ಬಟ್ಟಲು ಒಣಗಿತ್ತು. ಧೂಳು ಕೊಡವಿದರೆ ತಳದಲ್ಲಿ ಅರಿಶಿನ ಕುಂಕುಮದ ಬೊಟ್ಟು! "ಆಯಿಲ್ ಚೆಲ್ಲಿ ಇದನ್ನ ಒರೆಸ್ದೋರು ಯಾರು?" ಎಂದು ಬಾಷಾ ಕೇಳಿದ. ಹಿಂದಿನ ಆಯುಧಪೂಜೆಯ ದಿನ "ಥೂ, ಎಷ್ಟು ಗಲೀಜು" ಎಂದು ಚೆಲ್ಲಿ, ಫಳಫಳ ಒರೆಸಿ, ಬೊಟ್ಟಿಟ್ಟು ಕೂರಿಸಿದವನು ನಾನೇ. ಅಂದಿನಿಂದ ಇಂಜಿನ್ನು ರಸ್ತೆಯ ಧೂಳನ್ನೆಲ್ಲ ಉಸಿರಾಡಿ ರಿಂಗು ತೇಯ್ದುಕೊಂಡಿತ್ತು.

ಎಲ್ಲರೆದುರಿಗೇ ನಾರಾಯಣಪ್ಪನ ಕೈಹಿಡಿದು ತಪ್ಪಾಯಿತು ಎಂದೆ. ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ. ಅವನು ಇಂಜಿನ್ ಮನೆಯ ಕೀಲಿ ಎತ್ತಿಕೊಂಡ, ಜೊತೆಗೆ ಬೀರುವಿನ ಬೀಗವನ್ನೂ ಕೇಳಿ ಪಡೆದ. ಎಸೆಯಲಿಕ್ಕಿರಬೇಕು ಎಂದುಕೊಂಡೆ.

ಮುಂದಿನ ಆಯುಧಪೂಜೆಯ ದಿನ ಬಟ್ಟೆ ಹಿಡಿದು ಹಿತ್ತಲಿಗೆ ಹೋದರೆ ಇಂಜಿನ್ ಮನೆಯ ಬಾಗಿಲಿಗೆ ಅದೇ ಬೀಗ. "ಒಳಗಿಂದೆಲ್ಲಾ ನಾನೇ ಮುಗಿಸಿದೀನಣ್ಣಾ. ನೀವು ಹೊರಗಿಂದ್ಲೇ ಕುಂಬಳಕಾಯಿ ಒಡೆದ್ಬಿಡಿ" ಎಂದ ನಾರಾಯಣಪ್ಪ. ಒಡೆದೆ. ಬೀಗದ ಮೇಲೆ ಸ್ವಲ್ಪ ಧೂಳಿತ್ತು. ಅದನ್ನಷ್ಟೇ ಒರೆಸಿ ಬಂದೆ.