ಬೆಲ್ಲದ ರೇಟಿನ ತನಕ

ಮೈಸೂರಿನ ಡಾಕ್ಟರು ಮಾವನ ತಲೆಗೆ ಅಯಸ್ಕಾಂತ ಹಿಡಿಯುತ್ತಾರೆ ಎಂದ ಕೂಡಲೇ ಏನೇನು ಕೆಡಬಹುದೆಂದು ನಾನು ಯೋಚಿಸಿಟ್ಟಿದ್ದೆ. ನೆನಪು ಅಳಿಸಿಹೋಗಬಹುದು. ಅಥವಾ ಮರೆತಿದ್ದ ಗದ್ದೆ ಬದುವಿನ ಜಗಳವೆಲ್ಲ ನೆನಪಾಗಬಹುದು! ಕಟ್ಟಿಸಿದ ಹಲ್ಲು ಹಾರಿ ಯಂತ್ರಕ್ಕೆ ಅಂಟಬಹುದು. ಮುದ್ದೆಯ ಆಸೆಯೇ ಹೋಗಬಹುದು. ಎಲ್ಲಕ್ಕಿಂತ ಭಯಂಕರವೆಂದರೆ, ಚಿಕಿತ್ಸೆ ವಿಪರೀತ ಫಲಿಸಿ, ವಾಪಸು ಬರುವಾಗ ಬಸ್ಸು ಪಾಂಡವಪುರ ದಾಟುವ ಮೊದಲೇ... ಬೇಡ ಬಿಡಿ!

ನನ್ನ ಸೋದರಮಾವ ಕಿಕ್ಕೇರಿಯಲ್ಲಿ ಯಾರಿಗೂ ಸೋತವರಲ್ಲ, ಮಲಬದ್ಧತೆಯೊಂದನ್ನು ಬಿಟ್ಟು. ಬೆಳಿಗ್ಗೆ ಅವರು ಒಳಗೆ ಹೋದರೆ, ಪಕ್ಕದ ಮನೆಯ ನಾನು ಕಕ್ಕಸಿನ ಬಾಗಿಲಾಚೆ ಸ್ಟೂಲು ಹಾಕಿಕೊಂಡು ಪೇಪರನ್ನು ಮುಖಪುಟದಿಂದ ಕೊನೆಯ ಪುಟದ ಬೆಲ್ಲದ ರೇಟಿನ ತನಕ ಗಟ್ಟಿಯಾಗಿ ಓದಬೇಕು. ಎಷ್ಟೋ ದಿನ ಪೇಪರೇ ಮುಗಿದರೂ ಒಳಗಿನಿಂದ, "ಇನ್ನೊಂದ್ ಸಲ ಓದ್ಲಾ!" ಎಂಬ ಆಜ್ಞೆ.

ಹೀಗಾಗಿ ಅವರು ಯಾರ ಮನೆಯಲ್ಲೂ ರಾತ್ರಿ ತಂಗುತ್ತಿರಲಿಲ್ಲ. ಹೊಣಕೆರೆಗೆ ಕೊಟ್ಟ ಮಗಳು ಎಷ್ಟು ಗೋಗರೆದರೂ ಸಂಜೆಯ ಬಸ್ಸು ಹಿಡಿದುಬಿಡುವರು.

"ನಂಗಿಲ್ಲಿ ಆಗಾಕಿಲ್ಲ ಕಣವ್ವ."

"ನನ್ ಮನೇಲಿ ಒಂದ್ ರಾತ್ರಿ ಮನಗಕೂ ಆಗಾಕಿಲ್ವೇನಪ್ಪಾ?" ಎಂದು ಅವಳು ಕಣ್ಣೀರು ಹಾಕಿದ ಮೇಲೇ ಮಾವ ಮೈಸೂರಿಗೆ ಹೊರಟದ್ದು.

ಮಾತ್ರೆ, ಪುಡಿ, ಹರಳೆಣ್ಣೆ ಎಲ್ಲ ಸೋತಿದ್ದವು. ಡಾಕ್ಟರು, "ಮಿದುಳಿಂದ ಕರುಳಿಗೆ ಹೋಗೋ ಸೂಚನೆ ಮಂಕಾಗಿರಬಹುದು. ತಲೆಗೆ ಅಯಸ್ಕಾಂತ ಹಿಡಿದು ಚುರುಕು ಮಾಡಿ ನೋಡೋಣ. ಇದಿನ್ನೂ ಪ್ರಯೋಗ. ಎಲ್ಲರಿಗೂ ಗುಣ ಕೊಡುತ್ತೆ ಅನ್ನಲಾರೆ" ಎಂದರು.

"ಕಟ್ಕೊಂಡಿರದು ಕೆಳಗೆ. ತಲೆ ಯಾಕ್ ಸಾರ್?"

"ನಿಮ್ಮ ಬೋರ್‌ವೆಲ್ ಮೋಟರ್ ಎಲ್ಲಿರುತ್ತೆ?"

"ಕೆಳಗೆ, ನೆಲದೊಳಗೆ."

"ಸ್ಟಾರ್ಟರು?"

ಮಾವನ ಮುಖ ಅರಳಿತು. "ಮೇಲೆ! ಅಂಗನ್ನಿ ಮತ್ತೆ! ತ್ರೀ ಫೇಸೇ ಕೊಟ್ಬುಡಿ!"

ತಲೆಯ ಮೇಲೆ ಯಂತ್ರ ಟಕಟಕ ಎನ್ನುತ್ತಿದ್ದರೆ ಮಾವ ಕ್ಷೌರಕ್ಕೆ ಕೂತವರಂತೆ ಕೂತಿದ್ದರು. ಬೆವೆತದ್ದು ನಾನು! ನರ್ಸಮ್ಮ ನನಗೆ ನೀರು ಕೊಟ್ಟು, "ಪೇಶೆಂಟ್ ಯಾರು ಸಾರ್?" ಎಂದರು.

"ಇವುನ್ ತಲೆಗೂ ಒಂಚೂರ್ ಇಡವ್ವ" ಎಂದರು ಮಾವ. "ಇವುನ್ಗೆ ಮೇಲೇ ಕಟ್ಕೊಂಡೈತೆ."

ವಾರಗಟ್ಟಲೆ ಓಡಾಡಿದೆವು. ಮೊದಮೊದಲು ಏನೂ ಇಲ್ಲ. ಆಮೇಲೆ ನಾನು ಓದುವ ಪುಟಗಳು ಕಮ್ಮಿಯಾಗತೊಡಗಿದವು. ಒಂದು ಬೆಳಿಗ್ಗೆ ಮುಖಪುಟದಲ್ಲೇ ಇದ್ದೆ, ಬಾಗಿಲು ದಡಾರನೆ ತೆರೆಯಿತು.

"ಆಯ್ತು ಕಣ್ಲಾ!"

ತಬ್ಬಿಕೊಳ್ಳಲು ಎದ್ದವನು ತಡೆದು, "ಮೊದ್ಲು ಕೈ ತೊಳ್ಕೊ ಮಾವ" ಎಂದೆ.

ಆ ವಾರವೇ ನಾಗಮಂಗಲದ ಬಸ್ಸು ಹತ್ತಿ, ಹೊಣಕೆರೆಗೆ ಹೋಗಿ ಮಗಳ ಮನೆಯಲ್ಲಿ ಮಲಗಿದರು. ಬೆಳಿಗ್ಗೆಯೇ ಫೋನು!

"ಏನ್ ಕೆಟ್ಟೋಯ್ತು ಮಾವ?"

"ಕೆಡದೇನ್ಲಾ? ಚೆಂದಾಗೇ ಆಯ್ತು. ಇನ್ನೊಂದ್ ವಾರ ಇರು ಅಂತಾವ್ಳೆ ಮಗಳು."

"ಮತ್ತೆ?"

ಫೋನಿನಾಚೆ ಚಿಲಕ ಹಾಕಿಕೊಂಡ ಸದ್ದಾಯಿತು.

"ಬಿರ್ನೆ ಆಗೋಯ್ತದೆ ಕಣ್ಲಾ ಈಗ. ಬೆಲ್ಲದ್ ರೇಟ್‌ಗಂಟ ನಿನ್ ಓದು ಕೇಳಾಕೇ ಆಯ್ತಿಲ್ಲ. ಈಗ ಕಕ್ಕಸ್ ಒಳಗೇ ಕುಂತಿವ್ನಿ. ಓದು."

ಫೋನು ಕಿವಿಗಿಟ್ಟುಕೊಂಡೇ, ಪೇಪರು ಹಿಡಿದು ಮಾವನ ಮನೆಗೆ ಹೋದೆ. ಖಾಲಿ ಕಕ್ಕಸಿನ ಮುಂದೆ ಸ್ಟೂಲು ಎಳೆದುಕೊಂಡು, ಮುಖಪುಟದಿಂದ ಶುರುಮಾಡಿದೆ.