ಕುಂಬಳಕಾಯಿಯೊಳಗಿನ ಅಪ್ಪ

ಎಲ್ಲ ಶುರುವಾದದ್ದು ಸ್ಫೂರ್ತಿಯ ಫೋನಿಗೆ ಬಂದ ಒಂದು ಫೋಟೊದಿಂದ. ಯಾರದೋ ಮಗು ಟೊಳ್ಳು ಮಾಡಿದ ದೊಡ್ಡ ಕುಂಬಳಕಾಯಿಯೊಳಗೆ ಕೂತು, ಎರಡು ತೂತುಗಳಿಂದ ಎರಡು ಕಾಲು ಹೊರಗೆ ಹಾಕಿ, ತಾನೇ ಆ ಹೊಲದ ಮಾಲೀಕ ಎನ್ನುವಂತೆ ನಗುತ್ತಿತ್ತು.

"ನಮ್ಮ ಚಿನ್ಮಯಿಗೂ ಹೀಗೇ ಒಂದು ಫೋಟೊ ತೆಗೀಬೇಕು ಸಂಗೂ. ಪ್ರತಿ ವರ್ಷ ಹ್ಯಾಲೋವೀನ್‌ಗೆ ಒಂದೊಂದು. ಅವಳಿಗೆ ಹದಿನೆಂಟಾಗೋವರೆಗೂ. ಇದೇ ನಮ್ಮ ಫ್ಯಾಮಿಲಿ ಟ್ರೆಡಿಷನ್," ಎಂದಳು ಸ್ಫೂರ್ತಿ.

"ಹದಿನೆಂಟು ವರ್ಷದಾಕಿ ಕೂಡುವಂಥ ಕುಂಬಳಕಾಯಿ ಎಲ್ಲಿ ಸಿಗತೈತಿ?" ಎಂದು ಕೇಳಿದ ಸಂಗಮೇಶನಿಗೆ ಉತ್ತರದ ಬದಲು ಒಂದು ನೋಟ ಸಿಕ್ಕಿತು. ಮರುದಿನವೇ ಅವನು ಗ್ರೀನ್‌ಫೋರ್ಡಿನ ಅಂಗಡಿಯಿಂದ ಒಂದು ಭಾರಿ ಕುಂಬಳಕಾಯಿಯನ್ನು ಎದೆಗವಚಿಕೊಂಡು ಬಸ್ಸಿನಲ್ಲಿ ಬಂದ. ಒಬ್ಬ ಹೆಂಗಸು ಎದ್ದು ಸೀಟು ಬಿಟ್ಟುಕೊಟ್ಟಳು.

ಸ್ಫೂರ್ತಿ ಬೆಂಗಳೂರಿನವಳು, ಸಂಗಮೇಶ ವಿಜಯಪುರದ ಕಡೆಯವನು; ಇಂಗ್ಲಿಷರ ಈ ಊರಿಗೆ ಬಂದು ಮೂರು ವರ್ಷ. ಮಗಳು ಚಿನ್ಮಯಿಗೆ ಆರು ತಿಂಗಳು ತುಂಬುತ್ತಿತ್ತು. ಸಂಗಮೇಶನಿಗೆ ಹೊರಗೆ ಹೇಳಿಕೊಳ್ಳಲಾಗದ ಒಂದು ದುಃಖವಿತ್ತು. ಪಾರ್ಕ್ ರಾಯಲ್‌ನ ಸಮೋಸಾ ಕಾರ್ಖಾನೆಯಲ್ಲಿ ಅವನದು ಬೆಳಗಿನ ಐದರ ಶಿಫ್ಟು. ಮಗಳು ಏಳುವ ಮುಂಚೆ ಮನೆ ಬಿಡುತ್ತಿದ್ದ. ಬಂದು ಸೋಫಾಕ್ಕೆ ಒರಗಿದರೆ ಗೊರಕೆ. ಹೀಗಾಗಿ ಚಿನ್ಮಯಿ ಅವನನ್ನು ಮೂರು ತಿಂಗಳಿಗೊಮ್ಮೆ ಗ್ಯಾಸ್ ಮೀಟರ್ ಓದಲು ಬರುವವನಂತೆ ನೋಡುತ್ತಿದ್ದಳು. ಅಮ್ಮನಿಗೆ ನಗುತ್ತಿದ್ದಳು, ಅಜ್ಜಿಗೆ ನಗುತ್ತಿದ್ದಳು, ವಾಷಿಂಗ್ ಮಷೀನ್ ತಿರುಗಿದರೂ ನಗುತ್ತಿದ್ದಳು. ಅಪ್ಪ ಎತ್ತಿಕೊಂಡರೆ ಮಾತ್ರ ಕೆಳತುಟಿ ಮೆಲ್ಲಗೆ ಮುಂದೆ ಬಂದು, ನಡುಗಿ, ಆಮೇಲೆ ಬೀದಿಗೆಲ್ಲ ಕೇಳುವ ಅಳು.

ಅಕ್ಟೋಬರ್ ಮೂವತ್ತೊಂದು, ಹ್ಯಾಲೋವೀನ್ ದಿನ, ಅವನು ರಜೆ ಹಾಕಿದ. ಹೆರಿಗೆ ರಜೆಯಲ್ಲಿದ್ದ ಸ್ಫೂರ್ತಿಗೆ ಅಂದೇ ಆಫೀಸಿಗೆ ಹೋಗಿ ಒಮ್ಮೆ ಮುಖ ತೋರಿಸಿ ಬರುವ ಕೆಲಸವಿತ್ತು.

"ನಾಲ್ಕಕ್ಕೆ ಬರ್ತೀನಿ. ನಾಲ್ಕೂವರೆಗೆಲ್ಲ ಕತ್ತಲಾಗೋಗತ್ತೆ. ಅಷ್ಟರೊಳಗೆ ಫೋಟೊ ಆಗ್ಬೇಕು. ಕುಂಬಳಕಾಯಿ ರೆಡಿ, ಮಗು ರೆಡಿ, ನೀನೂ ಶೇವ್ ಮಾಡ್ಕೊಂಡು ರೆಡಿ. ಗೊತ್ತಾಯ್ತಾ?" ಎಂದು ಹೇಳಿ ಅವಳು ಟ್ಯೂಬ್ ರೈಲು ಹಿಡಿಯಲು ಓಡಿದಳು.

ಸಂಗಮೇಶ ಶೇವ್ ಮಾಡಿಕೊಂಡ. ಅದೊಂದು ಸರಿಯಾಗಿ ಮುಗಿಯಿತು.

ಬಾಣಂತನಕ್ಕೆಂದು ಬಂದು ಉಳಿದಿದ್ದ ಅವನ ತಾಯಿ ನಾಗವ್ವ, ಅಡುಗೆಮನೆಯಲ್ಲಿ ಕುಂಬಳಕಾಯಿಯ ಮೇಲ್ಭಾಗ ಕತ್ತರಿಸುತ್ತಿದ್ದ ಮಗನನ್ನು ನೋಡಿ ಹಣೆ ಚಚ್ಚಿಕೊಂಡಳು.

"ಇಂಥಾ ಛಲೋ ಕುಂಬಳಕಾಯಿ ಕೂಸಿನ ಕುಂಡಿ ಕೆಳಗ ಹಾಕ್ತೀರಲ್ಲೋ! ತಿರುಳರ ನನಗ ಕೊಡು. ಗಾರಿಗಿ ಮಾಡ್ತೀನಿ."

"ಇದು ಅಡಗಿ ಕುಂಬಳಕಾಯಿ ಅಲ್ಲಬೇ. ಫೋಟೊದ್ದು."

"ಫೋಟೊಕ್ಕ ಸಿಪ್ಪಿ ಸಾಕಲ್ಲ?"

ಅದು ಸರಿಯೇ ಆಗಿತ್ತು. ನಾಗವ್ವ ತಿರುಳನ್ನು ಬೆಲ್ಲದ ಜತೆ ಬೇಯಿಸಿ, ಹಿಟ್ಟಿಗೆ ಕಲಸಿ, ಸಿಹಿ ಪೂರಿಯಂಥ ಗಾರಿಗೆ ಕರಿಯತೊಡಗಿದಳು. ಬೀಜಗಳನ್ನು ರೇಡಿಯೇಟರ್ ಮೇಲೆ ಒಣಹಾಕಿದಳು. ಮನೆಮನೆಯ ಬಾಗಿಲಲ್ಲಿ ಕುಂಬಳಕಾಯಿ ಇಟ್ಟಿದ್ದನ್ನು ಕಂಡಂದಿನಿಂದ ಅವಳಿಗೆ ಈ ಊರಿನ ಮೇಲೆ ಹೊಸ ಗೌರವ ಹುಟ್ಟಿತ್ತು. "ಇಲ್ಲಿ ಮಂದಿಗೂ ದೃಷ್ಟಿ ಅಂದ್ರ ಏನಂತ ಗೊತ್ತೈತಿ ನೋಡು," ಎಂದು ಎರಡು ದಿನದಿಂದ ಹೇಳುತ್ತಿದ್ದಳು.

ಎರಡೂವರೆಯ ಹೊತ್ತಿಗೆ ಕುಂಬಳಕಾಯಿ ಸಿದ್ಧವಾಯಿತು. ಮೇಲೆ ಮಗುವಿನ ಸೊಂಟ ಇಳಿಯುವಷ್ಟು ದೊಡ್ಡ ಬಾಯಿ, ಮುಂದೆ ಕಾಲಿಗೆ ಎರಡು ತೂತು. ಒಮ್ಮೆ ಕೂರಿಸಿ ನೋಡೋಣವೆಂದು ಸಂಗಮೇಶ ಚಿನ್ಮಯಿಯನ್ನು ಎತ್ತಿ ಒಳಗಿಳಿಸಿದ. ತಣ್ಣನೆಯ ಸಿಪ್ಪೆ ತೊಡೆಗೆ ತಾಗಿದ್ದೇ ತಡ, ಮಗು ಬಿಲ್ಲಿನಂತೆ ಬಾಗಿ ಕಿರುಚಿತು. ಇನ್ನೊಮ್ಮೆ ಪ್ರಯತ್ನಿಸಿದ. ಕಿರುಚಾಟ ಇಮ್ಮಡಿಯಾಯಿತು. ನಾಗವ್ವ ಬಂದು ಮೊಮ್ಮಗಳನ್ನು ಕಿತ್ತುಕೊಂಡಳು.

"ಅಂಜಿಗೊಂಡೈತಿ. ಒಳಗ ಏನೂ ಇಲ್ಲಂತ ಕೂಸಿಗೆ ಹೆಂಗ ಗೊತ್ತಾಗಬೇಕು?"

ಸಂಗಮೇಶನಿಗೆ ಇದು ನ್ಯಾಯವೆನಿಸಿತು. "ನೋಡವಾ ಚಿನ್ನಿ, ಏನೂ ಇಲ್ಲ. ನೋಡು, ಅಪ್ಪ ಹೊಕ್ಕಾನ," ಎನ್ನುತ್ತ ಕುಂಬಳಕಾಯಿಯನ್ನು ಬೋರಲು ಮಾಡಿ ತಲೆಯ ಮೇಲಿಟ್ಟುಕೊಂಡು ಸ್ವಲ್ಪ ಕೆಳಗೆ ಎಳೆದ.

ಅಳು ನಿಂತಿತು.

ಇನ್ನೂ ಸ್ವಲ್ಪ ಎಳೆದ. ಕಾಲಿನ ತೂತುಗಳು ಸರಿಯಾಗಿ ಅವನ ಕಣ್ಣಿನ ಮಟ್ಟಕ್ಕೆ ಬಂದವು. ಆ ತೂತುಗಳಿಂದ ಅವನು ನೋಡುತ್ತಾನೆ, ಅಜ್ಜಿಯ ಸೊಂಟದ ಮೇಲೆ ಕೂತ ಚಿನ್ಮಯಿ ಬಾಯಿ ತೆರೆದು ಅವನನ್ನೇ ನೋಡುತ್ತಿದ್ದಾಳೆ. ಆಮೇಲೆ ಅವಳ ಹೊಟ್ಟೆ ಕುಲುಕಿತು. ಗುಳುಗುಳು ಎಂದು ನೀರು ಬಗ್ಗಿಸಿದಂಥ ನಗು. ಆರು ತಿಂಗಳಲ್ಲಿ ಮೊದಲ ಸಲ, ಅಪ್ಪನಿಗಾಗಿ!

ಸಂಗಮೇಶ ಮೈಮರೆತ. ನಗು ಇನ್ನಷ್ಟು ಬರಲೆಂದು ಕುಂಬಳಕಾಯಿಯನ್ನು ಎರಡೂ ಕೈಯಿಂದ ಗದ್ದದವರೆಗೆ ಜಗ್ಗಿದ. ಹೋಗುವಾಗ ಅವನ ಕಿವಿಗಳು ಮಡಚಿಕೊಂಡು ದಾರಿ ಬಿಟ್ಟವು. ಹತ್ತು ನಿಮಿಷದ ನಂತರ ತೆಗೆಯಹೊರಟಾಗ ಅವೇ ಕಿವಿಗಳು ಅಗಲವಾಗಿ ನಿಂತು ದಾರಿ ಕಟ್ಟಿದವು.

"ಯವ್ವಾ," ಎಂದಿತು ಕುಂಬಳಕಾಯಿ. "ಬರವಲ್ತು."

"ಏನ್ ಬರವಲ್ತು?"

"ತಲಿ."

ನಾಗವ್ವ ಮಗುವನ್ನು ಚಾಪೆಯ ಮೇಲೆ ಮಲಗಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಜಗ್ಗಿದಳು. ಕುಂಬಳಕಾಯಿಯೊಂದಿಗೆ ಸಂಗಮೇಶನೂ ಎದ್ದು ಬಂದ, ತಲೆ ಮಾತ್ರ ಒಳಗೇ ಉಳಿಯಿತು. ಅವನ ಚೀರಾಟಕ್ಕೆ ಪಕ್ಕದ ಮನೆಯ ವಿಶ್ವನಾಥ ಹಿಂದಿನ ಬೇಲಿ ದಾಟಿ ಓಡಿ ಬಂದ. ಅವನೂ ಬೆಂಗಳೂರಿನವ, ಯಾವುದೋ ಕಂಪನಿಯ ಪ್ರಾಜೆಕ್ಟ್ ಮ್ಯಾನೇಜರ್, ಮನೆಯಿಂದಲೇ ಕೆಲಸ. ಕಿವಿಯಲ್ಲಿ ಇನ್ನೂ ಹೆಡ್‌ಸೆಟ್ ಇತ್ತು.

"ಪ್ಯಾನಿಕ್ ಆಗ್ಬೇಡಿ ಸಂಗಮೇಶ್. ಮೊದಲು ರೂಟ್ ಕಾಸ್ ಏನೂಂತ ನೋಡೋಣ."

"ರೂಟ್ ಕಾಸ್ ಒಳಗ ಐತ್ರಿ, ಹೊರಗ ತಗೀರಿ!"

ವಿಶ್ವನಾಥ ಟೇಪು ತಂದು ಕುಂಬಳಕಾಯಿಯ ಸುತ್ತಳತೆ ಬರೆದುಕೊಂಡ, ಸಂಗಮೇಶನ ಕುತ್ತಿಗೆಯ ಅಳತೆ ಬರೆದುಕೊಂಡ, ಎರಡನ್ನೂ ದೀರ್ಘವಾಗಿ ನೋಡಿ "ಹೋಗಿದ್ದೇ ಆಶ್ಚರ್ಯ," ಎಂದ. ಆಮೇಲೆ ಹ್ಯಾಕ್ಸಾ ಗರಗಸ ತರುತ್ತೇನೆಂದು ಹೊರಟ. ಅದರ ಜತೆಗೆ ಎದುರು ಮನೆಯ ಜೀನ್ ಅಜ್ಜಿಯನ್ನೂ ಕರೆತಂದ.

ಜೀನ್ ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ಸೂಲಗಿತ್ತಿಯಾಗಿದ್ದು ರಿಟೈರ್ ಆದವಳು; ಎಲ್ಲರನ್ನೂ 'ಲವ್' ಎಂದೇ ಕರೆಯುವವಳು. ಅವಳು ಸೋಫಾದ ಮೇಲೆ ಕೂತ ಕುಂಬಳಕಾಯಿಯನ್ನು ಒಂದು ಸುತ್ತು ಹಾಕಿ, ತೂತಿನಲ್ಲಿ ಬೆರಳಾಡಿಸಿ, ತನ್ನ ಇಂಗ್ಲಿಷಿನಲ್ಲಿ ನಿಶ್ಚಿಂತೆಯಿಂದ ಹೇಳಿದಳು: "ತಲೆ ಸಿಕ್ಕಿಕೊಂಡಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ಲವ್. ಎಲ್ಲರೂ ಕಡೆಗೆ ಹೊರಗೆ ಬರುತ್ತಾರೆ. ಪಾತ್ರೆ ತೊಳೆಯುವ ಲಿಕ್ವಿಡ್ ಇದೆಯಾ?"

ಲಿಕ್ವಿಡ್ ಖಾಲಿಯಾಗಿತ್ತು. ಎಲ್ಲಿಟ್ಟಿದ್ದೇನೋ ಹುಡುಕಿ ತರುತ್ತೇನೆಂದು ಜೀನ್ ತನ್ನ ಮನೆಗೆ ಹೋದಳು. ಅಷ್ಟರಲ್ಲಿ ಕಾಲಿಂಗ್ ಬೆಲ್ ಸದ್ದಾಯಿತು.

ಬಾಗಿಲಲ್ಲಿ ಮೂರು ದೆವ್ವ, ಒಂದು ಬೆಕ್ಕು, ಒಂದು ಅಸ್ಥಿಪಂಜರ. ಬೀದಿಯ ಚಿಕ್ಕ ಮಕ್ಕಳು ವೇಷ ಕಟ್ಟಿಕೊಂಡು ಕತ್ತಲಾಗುವ ಮುಂಚೆಯೇ ಚೀಲ ಹಿಡಿದು ಸಿಹಿ ಕೇಳಲು ಹೊರಟಿದ್ದರು. ನಾಗವ್ವನ ಹಿಂದೆ ನಿಂತ ಸಂಗಮೇಶನನ್ನು ಕಂಡು ಅವರು ಒಟ್ಟಿಗೇ ಉಸಿರೆಳೆದುಕೊಂಡರು.

"ವಾವ್! ಇದು ನಿಜವಾದ ಕುಂಬಳಕಾಯಿನಾ?"

"ತೆಗೆದು ತೋರಿಸ್ತೀರಾ?"

"ತಗ್ಯಾಕ ಬಂದಿದ್ರ..." ಎಂದು ಒಳಗಿನಿಂದ ದನಿ ಬಂತು. ಗುಡಾಣದಲ್ಲಿ ಮಾತಾಡಿದಂತಿದ್ದ ಆ ದನಿಗೆ ಬೆಕ್ಕು ಸಂತೋಷದಿಂದ ಚೀರಿತು.

ಮನೆಯಲ್ಲಿ ಒಂದು ಚಾಕೊಲೇಟೂ ಇರಲಿಲ್ಲ. ಆ ಕೆಲಸ ಸಂಗಮೇಶನದಾಗಿತ್ತು, ಮರೆತಿದ್ದ. ನಾಗವ್ವ ಯಾವುದಕ್ಕೂ ತಲೆ ಕೆಡಿಸಿಕೊಳ್ಳದೆ ಬಿಸಿಬಿಸಿ ಗಾರಿಗೆಯನ್ನು ಪೇಪರ್ ನ್ಯಾಪ್ಕಿನ್ನಿನಲ್ಲಿ ಸುತ್ತಿ ಒಬ್ಬೊಬ್ಬರ ಕೈಗಿಟ್ಟಳು. ಅಸ್ಥಿಪಂಜರ ಕಚ್ಚಿ ನೋಡಿ ಇನ್ನೊಂದು ಕೇಳಿತು. ಸುದ್ದಿ ಹಬ್ಬಿತು. ಹತ್ತು ನಿಮಿಷದಲ್ಲಿ ಬಾಗಿಲಲ್ಲಿ ಇಪ್ಪತ್ತು ಮಂದಿ, ಹಿಂದೆ ಅವರ ತಂದೆತಾಯಿಗಳು. ಮೂರು ವರ್ಷದಿಂದ ಬಸ್ ಸ್ಟಾಪಿನಲ್ಲಿ ತಲೆಯಾಡಿಸಿ ಸುಮ್ಮನಾಗುತ್ತಿದ್ದವರು ಈಗ ಹೆಸರು ಕೇಳಿದರು, ಮಗುವಿನ ವಯಸ್ಸು ಕೇಳಿದರು, ಗಾರಿಗೆಯ ರೆಸಿಪಿ ಕೇಳಿದರು. ಗದ್ದಲಕ್ಕೆ ಒಳಗೆ ಚಿನ್ಮಯಿ ಅತ್ತಾಗ ವಿಶ್ವನಾಥ ಅವಳನ್ನು ತಂದು ಸಂಗಮೇಶನ ಕೈಗೆ ಕೊಟ್ಟ. ಕೊಟ್ಟಿದ್ದೇ ತಡ, ಅವಳು ಕುಂಬಳಕಾಯಿಯನ್ನು ಎರಡೂ ಕೈಯಿಂದ ಬಡಿಯುತ್ತ ಕೇಕೆ ಹಾಕಿ ನಕ್ಕಳು.

ಒಳಗೆ ಉಸಿರು ಕಟ್ಟುತ್ತಿತ್ತು, ಬೆವರು ಮೂಗಿನ ತುದಿಯಿಂದ ಇಳಿಯುತ್ತಿತ್ತು, ಎಡಗಿವಿಯೊಳಗೆ ಒಂದು ಬೀಜ ಹೊಕ್ಕಿತ್ತು. ಆದರೂ ಸಂಗಮೇಶನಿಗೆ, ಆ ಕುಂಬಳಕಾಯಿ ಬೆಳೆದ ರೈತನ ಕಾಲು ಮುಟ್ಟಿ ನಮಸ್ಕರಿಸಬೇಕೆನಿಸಿತು.

"ಈಗ ಕುಯ್ದುಬಿಡೋಣ," ಎಂದು ವಿಶ್ವನಾಥ ಹ್ಯಾಕ್ಸಾ ಎತ್ತುವುದಕ್ಕೂ, ಗೇಟಿನಲ್ಲಿ ಸ್ಫೂರ್ತಿ ಕಾಣಿಸುವುದಕ್ಕೂ ಸರಿಹೋಯಿತು.

ಅವಳು ಗೇಟು ಹಿಡಿದು ನಿಂತೇಬಿಟ್ಟಳು. ಬಾಗಿಲ ತುಂಬ ಮಕ್ಕಳು, ಗಾರಿಗೆ ಹಂಚುತ್ತಿರುವ ಅತ್ತೆ, ನಡುವೆ ಕುಂಬಳಕಾಯಿ ತಲೆಯ ಗಂಡ, ಅವನ ತೋಳಿನಲ್ಲಿ ನಗುತ್ತಿರುವ ಮಗಳು.

"ಸಂಗೂ!" ಅವಳ ಕಣ್ಣು ತುಂಬಿತು. "ಮಗು ನಗ್ಲಿ ಅಂತ ನೀನೇ ಹಾಕ್ಕೊಂಡ್ಯಾ? ನಾನು ಬರೀ ಮಗೂನ ಒಳಗೆ ಕೂರ್ಸೋಣ ಅಂದ್ರೆ, ನೀನು ಇಷ್ಟೆಲ್ಲಾ..."

ವಿಶ್ವನಾಥ ಹ್ಯಾಕ್ಸಾವನ್ನು ಬೆನ್ನ ಹಿಂದೆ ಅಡಗಿಸಿದ. ನಾಗವ್ವ ಸೊಸೆಯ ಮುಖ ನೋಡಿ ಮತ್ತೆ ಗಾರಿಗೆ ಸುತ್ತತೊಡಗಿದಳು.

"ಮತ್ತೇನ," ಎಂದಿತು ಕುಂಬಳಕಾಯಿ.

"ಮಗು ಕೂತಿರೋ ಫೋಟೊ ಎಲ್ರ ಮನೇಲೂ ಇರತ್ತೆ. ಇದು ನಮ್ಮನೇದು. ಅಲ್ಲಾಡ್ಬೇಡ!" ಬೆಳಕು ಆರುವ ಮುಂಚೆ ಸ್ಫೂರ್ತಿ ಹದಿನೇಳು ಫೋಟೊ ತೆಗೆದಳು. ಬೀದಿಯವರು ಇನ್ನಷ್ಟು ತೆಗೆದರು. ಆಮೇಲೆ ಅವಳು ಪ್ರೀತಿಯಿಂದ, "ಸಾಕು ಸಂಗೂ, ಇನ್ನು ತೆಗಿ," ಎಂದಳು.

ಆಗ ನಿಜ ಹೇಳಬೇಕಾಯಿತು. ಸ್ಫೂರ್ತಿ ಮೆಟ್ಟಿಲ ಮೇಲೆ ಕೂತು ನಕ್ಕು ನಕ್ಕು ಬಿಕ್ಕಳಿಸಿದಳು. ನಡುವೆ ಒಂದು ಸಲ ಅವನ ಬೆವರಿದ ಅಂಗೈಯನ್ನು ಎಳೆದು ಕೆನ್ನೆಗೆ ಒತ್ತಿಕೊಂಡಳು.

ಲಿಕ್ವಿಡ್ ಬಾಟಲಿಯೊಂದಿಗೆ ಮರಳಿದ ಜೀನ್ ಅಂಗಿಯ ತೋಳು ಮಡಚಿದಳು. ಸಂಗಮೇಶನನ್ನು ಕಾರ್ಪೆಟ್ಟಿನ ಮೇಲೆ ಅಂಗಾತ ಮಲಗಿಸಿ, ಕಿವಿಯ ಸುತ್ತ ಲಿಕ್ವಿಡ್ ಸುರಿದಳು. ಸ್ಫೂರ್ತಿ ಒಂದು ಕೈ ಹಿಡಿದಳು, ವಿಶ್ವನಾಥ ಕಾಲು ಹಿಡಿದ.

"ಉಸಿರು ಬಿಡು, ಲವ್. ನಾನು ಹೇಳುವವರೆಗೆ ಪುಷ್ ಬೇಡ... ಈಗ!"

ಮೂರನೆಯ ಸಲಕ್ಕೆ ದೊಡ್ಡ ಬಾಟಲಿಯ ಬಿರಡೆ ಕಿತ್ತಂತೆ ಸದ್ದಾಗಿ ಸಂಗಮೇಶನ ತಲೆ ಹೊರಗೆ ಬಂತು. ಕೆಂಪಗೆ, ಅಂಟಂಟಾಗಿ, ಕಣ್ಣು ಕಿರಿದು ಮಾಡಿಕೊಂಡು.

"ಕಂಗ್ರಾಜುಲೇಷನ್ಸ್, ನಾಗವ್ವಾ! ಗಂಡು ಮಗು!" ಎಂದು ಜೀನ್ ಕೈ ತೋರಿಸಿ ಹೇಳಿದಳು. ಸ್ಫೂರ್ತಿ ಅದನ್ನು ಅನುವಾದಿಸುವ ಅಗತ್ಯವೇ ಬರಲಿಲ್ಲ.

"ಮೂವತ್ತೆರಡು ವರ್ಷದ ಹಿಂದನೂ ಇಷ್ಟ ತ್ರಾಸ ಕೊಟ್ಟಿದ್ದ ಇಂವಾ," ಎಂದು ನಾಗವ್ವ ಜೀನ್‌ಳ ಬಾಯಿಗೆ ಒಂದು ಗಾರಿಗೆ ತುರುಕಿದಳು.

ಸಂಗಮೇಶ ಮುಖ ಒರೆಸಿಕೊಂಡು, ಎದೆ ತುಂಬಿ, ಮಗಳ ಕಡೆ ಕೈ ಚಾಚಿದ. "ಬಾರವಾ ಚಿನ್ನಿ. ಅಪ್ಪ ನೋಡು!"

ಚಿನ್ಮಯಿ ಆ ಮುಖವನ್ನು ನೋಡಿದಳು. ಕೆಳತುಟಿ ಮೆಲ್ಲಗೆ ಮುಂದೆ ಬಂತು. ಆಮೇಲೆ ಅವಳು ಎರಡೂ ಕೈಯನ್ನು ನೆಲದ ಮೇಲಿನ ಕುಂಬಳಕಾಯಿಯತ್ತ ಚಾಚಿ, ಬೀದಿಗೆಲ್ಲ ಕೇಳುವಂತೆ ಅತ್ತಳು.

ಅದೇ ಹೊತ್ತಿಗೆ ಫೋನು ರಿಂಗಾಯಿತು. ವಿಜಯಪುರದಿಂದ ಸಂಗಮೇಶನ ತಂದೆ ಮಲ್ಲಪ್ಪ. ಸ್ಫೂರ್ತಿ ಕಳಿಸಿದ ಫೋಟೊ ಅಲ್ಲಿ ಆಗಲೇ ತಲುಪಿತ್ತು.

"ಫೋಟೊ ನೋಡಿದೆಪಾ. ಏನ್ ನಗತೈತೋ ಕೂಸು! ನಾ ರಾತ್ರಿ ಅನ್ನದ ಬಾಜುಕಿನ ನಿಮ್ಮ ಕಾಕಾನ ಮನಿಗೂ ಹೋಗಿ ತೋರಿಸಿ ಬಂದೆ." ಮಲ್ಲಪ್ಪ ಮುಂದುವರಿಸಿದ. "ಆದ್ರ ಸಂಗ್ಯಾ, ಹಬ್ಬದ ದಿನಾನೂ ಡ್ಯೂಟಿಗೆ ಹೋಗಿದ್ದೇನೋ? ಒಂದ್ರಾಗೂ ನೀ ಇಲ್ಲಲ್ಲ?"

"ಅಪ್ಪಾ, ಅದು..."

"ಇರಲಿ ಬಿಡು, ಹೊಟ್ಟಿಪಾಡು. ಕೂಸಿನ್ನ ಎತ್ತಿಗೊಂಡಾರಲ್ಲ ಕುಂಬಳಕಾಯಿಯವರು, ಯಾರವರು? ಬಾಜು ಮನಿಯವರೇನು? ಭಾಳ ದೊಡ್ಡ ಮನಶ್ಯಾ. ಪರರ ಕೂಸಿಗಂತ ಅಷ್ಟು ದೊಡ್ಡದ ತಲಿಗೆ ಹಾಕ್ಕೊಳ್ಳೋದಂದ್ರ ಸಣ್ಣ ಮಾತಲ್ಲ. ನನ್ನ ಪರವಾಗಿ ಅವರಿಗೆ ಕೈ ಮುಗಿದು ಹೇಳು."

ಸಂಗಮೇಶ ಒಮ್ಮೆ ಅಳುವ ಮಗಳನ್ನು, ಒಮ್ಮೆ ಕುಂಬಳಕಾಯಿಯನ್ನು ನೋಡಿದ. ಅಪ್ಪನ ಸಂತೋಷಕ್ಕೆ ಅಡ್ಡ ಬರಲು ಮನಸ್ಸಾಗಲಿಲ್ಲ.

"ಹೇಳ್ತೀನಪ್ಪಾ."

"ಬರೇ ಹೇಳಿದ್ರ ಸಾಲದು. ಇಷ್ಟು ದಿನ ನಾ ಇಮಾನ ಹತ್ತೂದಿಲ್ಲ ಅಂತಿದ್ದೆ. ಈಗ ಬರ್ತೀನಿ. ಅವರನ್ನ ಕಣ್ಣಿಲೆ ನೋಡಬೇಕು. ಏರ್‌ಪೋರ್ಟಿಗೆ ನೀ ಬರದಿದ್ರೂ ನಡೀತೈತಿ, ಅವರಿಗೆ ಬರಾಕ ಹೇಳು. ಹಂಗ ಕುಂಬಳಕಾಯಿ ಹಾಕ್ಕೊಂಡ ಬರಲಿ ಮತ್ತ. ಇಲ್ಲಾಂದ್ರ ನನಗ ಗುರ್ತ ಹತ್ತಬೇಕಲ್ಲ?"